ಕಿವಿಯ ಹಿಂದಿನ ಮಣ್ಣು

"ಗುರುಗಳೇ, ರೋಗದ ಹೆಸರು ಖಚಿತವಾಗುವ ಮೊದಲೇ ಔಷಧಿ ಕೊಡುವುದು ಸರಿಯೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಸುಧನ್ವ. ವೈದ್ಯಶಾಸ್ತ್ರ ಓದಿ ಮುಗಿಸಿ, ಯಕೃತ್ತಿನ ರೋಗಗಳನ್ನು ಕಲಿಯಲು ಹಾಲಪ್ಪನವರ ಬಳಿ ಸೇರಿದ್ದ. ಹಾಲಪ್ಪನವರು ಪಾಠ ಹೇಳುವುದು ಕಡಿಮೆ, ಬೈಯುವುದು ಹೆಚ್ಚು. ಬೈಯಲು ಮನಸ್ಸಿಲ್ಲದ ದಿನ ಕತೆ ಹೇಳುತ್ತಿದ್ದರು.

"ನಿನಗೇನು ಅನ್ನಿಸುತ್ತದೆ?" ಎಂದರು.

"ಕತ್ತಲಲ್ಲಿ ಕಲ್ಲು ಎಸೆದಂತೆ ಅನ್ನಿಸುತ್ತದೆ. ಪರೀಕ್ಷೆ ಇರುವುದು ಯಾತಕ್ಕೆ? ಉತ್ತರ ಬಂದ ಮೇಲೆ ಕೈ ಹಾಕುವುದೇ ಶಾಸ್ತ್ರವಲ್ಲವೇ?"

"ಶಾಸ್ತ್ರವೇನೋ ಹೌದಪ್ಪ. ಕೂತುಕೋ" ಎಂದು ಹಾಲಪ್ಪನವರು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಕೆಂಪರಾಜ ಎಂದು ಹೆಸರು. ಗರಡಿಮನೆಯ ಮಣ್ಣಿನಲ್ಲಿ ಹೊರಳಾಡಿ ಬೆಳೆದ ಆಳು. ಕುಡಿತವಿಲ್ಲ, ಬೀಡಿ ಇಲ್ಲ. ಮದುವೆಯಾದಾಗಿನಿಂದ ಅವನಿಗೊಂದು ನೆಗಡಿ ಬಂದದ್ದನ್ನೂ ಹೆಂಡತಿ ನೋಡಿರಲಿಲ್ಲ. ಅಂಥವನು ಒಂದು ದಿನ ಜ್ವರವೆಂದು ಮಲಗಿದ. ಮೈ ಕಾದ ಹೆಂಚಿನಂತಾಯಿತು. ಮಾತ್ರೆ ನುಂಗಿದ, ಇಳಿಯಲಿಲ್ಲ. ಆಮೇಲೆ ಅನ್ನ ಸೇರಲಿಲ್ಲ. ಆಮೇಲೆ ಮಾತು ತಪ್ಪತೊಡಗಿತು. ಹೆಂಡತಿಯನ್ನು ನೋಡಿ, "ನೀನು ಯಾರಮ್ಮ?" ಎಂದ. ನೆರೆಹೊರೆಯವರು ಅವನನ್ನು ಆಟೋದಲ್ಲಿ ಹಾಕಿಕೊಂಡು ಊರಿನ ಆಸ್ಪತ್ರೆಗೆ ತಂದರು.

ಆ ಆಸ್ಪತ್ರೆಯಲ್ಲಿ ಒಬ್ಬ ವೈದ್ಯೆ ಇದ್ದಳು. ತಿಳಿದವಳು. ದುಡುಕಿನವಳಲ್ಲ. ರಕ್ತ ತೆಗೆಸಿ ನೋಡಿದಳು. ಯಕೃತ್ತಿನ ಜೀವಕೋಶ ಒಡೆದಾಗ ರಕ್ತಕ್ಕೆ ಸೋರುವ ವಸ್ತು ಇರಬೇಕಾದ್ದಕ್ಕಿಂತ ನೂರಾರು ಪಟ್ಟು ಏರಿತ್ತು, ಬಿಳಿಕಣ ಇಳಿದಿತ್ತು. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲುತ್ತಿರಲಿಲ್ಲ. ಮೊನ್ನೆಮೊನ್ನೆಯವರೆಗೆ ನೆಟ್ಟಗಿದ್ದ ಯಕೃತ್ತು ಏಕಾಏಕಿ ಕೈಕೊಟ್ಟಿತ್ತು. ಅದು ಕೈಕೊಟ್ಟರೆ ಮಿದುಳಿಗೆ ಮಂಕು ಕವಿಯುತ್ತದೆ. ಮಂಕು ಬೆಳೆದು ನಿದ್ದೆಯಾಗುತ್ತದೆ. ಆ ನಿದ್ದೆಯಿಂದ ಏಳುವವರು ಕಡಿಮೆ. ಇದನ್ನು ನಿನಗೇನು ಹೇಳುವುದು, ನೀನು ಓದಿದ್ದೀಯೆ. ಆದರೆ ಓದುವುದು ಬೇರೆ, ರೋಗಿಯ ಹೆಂಡತಿಯ ಎದುರು ನಿಂತು ಅದನ್ನು ಹೇಳುವುದು ಬೇರೆ.

"ಉಳೀತಾರಾ ಅಕ್ಕ?" ಎಂದು ಹೆಂಡತಿ ಕೇಳಿದಳು. ಅವಳ ಹೆಸರು ಪುಟ್ಟಲಕ್ಷ್ಮಿ.

"ಯಾತರಿಂದ ಹೀಗಾಯಿತು ಅಂತ ಗೊತ್ತಾದರೆ ದಾರಿ ಇರಬಹುದಮ್ಮ. ಇಲ್ಲದಿದ್ದರೆ ಬೇರೆಯವರ ಲಿವರ್‌ನ ಒಂದು ಭಾಗ ತೆಗೆದು ಇವರಿಗೆ ಕೂರಿಸಬೇಕು. ಅದು ಇಲ್ಲಿ ಆಗುವ ಕೆಲಸವಲ್ಲ. ದೂರ ಹೋಗಬೇಕು."

"ನಂದು ತಗೊಳ್ಳಿ" ಎಂದಳು ಪುಟ್ಟಲಕ್ಷ್ಮಿ. ಪಕ್ಕದ ಮನೆಯವರು ಸಕ್ಕರೆ ಕೇಳಿದಾಗ ಕೊಟ್ಟಷ್ಟು ಸಲೀಸಾಗಿ ಅಂದುಬಿಟ್ಟಳು. ವೈದ್ಯೆ ಹೊರಗೆ ಬಂದು ದೂರದ ದೊಡ್ಡಾಸ್ಪತ್ರೆಗೆ ಫೋನು ಮಾಡಿ ಜಾಗ ಕೇಳಿದಳು. ಆಂಬುಲೆನ್ಸ್ ತಯಾರಿರಲಿ ಎಂದಳು. ಆದರೆ ಮಂಕು ಇನ್ನೊಂದಿಷ್ಟು ಏರಿದರೆ ದಾರಿಯಲ್ಲೇ ಏನಾಗುತ್ತದೋ ಎಂಬ ಭಯ ಅವಳಿಗೆ ಇದ್ದೇ ಇತ್ತು.

ಕಾರಣ ಹುಡುಕಲು ಶುರುಮಾಡಿದಳು. ಕಾಮಾಲೆ ತರುವ ವೈರಸ್‌ಗಳೆಂದು ಹೆಸರಾದವು ಕೆಲವಿವೆ. ಕೆಟ್ಟ ನೀರಿನಿಂದ ಬರುವ ಎ ಮತ್ತು ಇ. ರಕ್ತದಿಂದ ಬರುವ ಬಿ ಮತ್ತು ಸಿ. ನಮ್ಮ ಕಡೆ ಯಾರ ಯಕೃತ್ತು ಕೆಟ್ಟರೂ ಮೊದಲು ಈ ಮನೆಗಳ ಬಾಗಿಲನ್ನೇ ತಟ್ಟುವುದು. ತಟ್ಟಿದಳು. ಇಲ್ಲ ಎಂಬ ಉತ್ತರ ಬಂತು. ಡೆಂಗಿ ನೋಡಿದಳು, ಇಲಿಜ್ವರ ನೋಡಿದಳು. ಅದೂ ಇಲ್ಲ, ಇದೂ ಇಲ್ಲ. ಅದೂ ಅಲ್ಲದೆ ರೋಗಿಯ ಕಣ್ಣು ಹಳದಿಯಾಗಿರಲಿಲ್ಲ. ಸುಣ್ಣದ ಹಾಗೆ ಬೆಳ್ಳಗಿತ್ತು. ಕಣ್ಣು ಬೆಳ್ಳಗಿದೆ, ಪರೀಕ್ಷೆಯಲ್ಲಿ ವೈರಸ್ ಇಲ್ಲ, ಅಂದಮೇಲೆ ಇದು ವೈರಸ್ಸಿನ ಕೆಲಸವೇ ಅಲ್ಲ, ಏನೋ ನುಂಗಿದ್ದಾನೆ ಎಂದು ವಾರ್ಡಿನಲ್ಲಿ ಎಲ್ಲರೂ ತೀರ್ಮಾನಿಸಿದರು. ಅವಳೂ ಹೌದೆಂದುಕೊಂಡಳು.

ರೋಗ ಕೈಗೆ ಸಿಗದಿದ್ದಾಗ ನಾವು ವೈದ್ಯರು ಪೊಲೀಸರಾಗುತ್ತೇವೆ. ಮುಖ ಯಾಕೆ ಕೆಳಗೆ ಮಾಡುತ್ತೀ? ನಿನ್ನೊಬ್ಬನನ್ನೇ ಹೇಳುತ್ತಿಲ್ಲ. ಅವಳು ಪುಟ್ಟಲಕ್ಷ್ಮಿಯನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಜಗಳವಾಗಿತ್ತೇ, ಇಲಿ ಪಾಷಾಣವೇನಾದರೂ ಇತ್ತೇ ಎಂದು ವಿಚಾರಿಸಿದಳು. ಆ ಹೆಣ್ಣುಮಗಳು ತಿರುಗಿ ಗಂಡನ ಹಾಸಿಗೆಯ ಬಳಿಗೆ ನಡೆದುಬಿಟ್ಟಳು. ಆಮೇಲೆ ವೈದ್ಯೆ ಗರಡಿಯ ಉಸ್ತಾದರನ್ನು ಕರೆಸಿದಳು. ಕೆಂಪರಾಜನಿಗೆ ಪಟ್ಟು ಕಲಿಸಿದ ಮುದುಕ. ಶಿಷ್ಯನನ್ನು ಆಸ್ಪತ್ರೆಗೆ ತಂದಾಗಿನಿಂದ ಹೊರಗಿನ ಬೆಂಚು ಬಿಟ್ಟು ಕದಲಿರಲಿಲ್ಲ.

"ಮೈ ಬೆಳೆಯಲಿ ಅಂತ ಇವರಿಗೆ ಏನಾದರೂ ಪುಡಿ, ಕಷಾಯ ಕೊಟ್ಟಿದ್ದೀರಾ? ನಿಜ ಹೇಳಿ."

ಮುದುಕನ ಮೀಸೆ ಅದುರಿತು. "ಹಾಲು, ಬಾದಾಮಿ, ತುಪ್ಪ. ಇಷ್ಟು ಬಿಟ್ಟು ನನ್ನ ಗರಡೀಲಿ ಇನ್ನೊಂದು ಪದಾರ್ಥ ಒಳಕ್ಕೆ ಬಂದಿಲ್ಲ ತಾಯಿ. ನಾನು ಸಾಕಿದ ಮಗನಿಗೆ ನಾನೇ ವಿಷ ಹಾಕ್ತೀನಾ?" ಎಂದ. ಅಷ್ಟು ಹೇಳಿ ಟವೆಲಿನಿಂದ ಮುಖ ಮುಚ್ಚಿಕೊಂಡ.

ವೈದ್ಯೆಗೆ ತನ್ನ ಮೇಲೇ ಸಿಟ್ಟು ಬಂತು. ಹೋಗಿ ತನ್ನ ಕೋಣೆಯಲ್ಲಿ ಕೂತಳು. ಟೀ ತರಿಸಿದಳು, ಕುಡಿಯಲಿಲ್ಲ. ಮೊದಲಿನಿಂದ ಯೋಚಿಸಿದಳು. ಪಾಷಾಣ ನುಂಗಿದವನಿಗೆ ಇಷ್ಟು ದಿನ ಬಿಡದೆ ಜ್ವರ ಕಾಯುವುದಿಲ್ಲ. ಪುಡಿ ತಿಂದವನ ರಕ್ತದಲ್ಲಿ ಬಿಳಿಕಣ ಹೀಗೆ ಇಳಿಯುವುದಿಲ್ಲ. ಜ್ವರ ಏರಿದೆ, ಬಿಳಿಕಣ ಇಳಿದಿದೆ, ಯಕೃತ್ತು ಉರಿಯುತ್ತಿದೆ, ಕಣ್ಣು ಮಾತ್ರ ಬೆಳ್ಳಗಿದೆ. ಎಲ್ಲರೂ ಆ ಬೆಳ್ಳಗಿನ ಕಣ್ಣು ನೋಡಿಯೇ ವೈರಸ್ ಅಲ್ಲ ಅಂದಿದ್ದರು. ಅವಳಿಗೆ ಈಗ ಆ ಕಣ್ಣಿನ ಮೇಲೇ ಅನುಮಾನ ಬಂತು. ಹಳದಿ ಏರುವುದಕ್ಕೂ ಒಂದಿಷ್ಟು ಕಾಲ ಬೇಕಲ್ಲವೇ? ಅಷ್ಟು ಪುರುಸೊತ್ತನ್ನೂ ಕೊಡದೆ ಯಕೃತ್ತನ್ನು ತಿನ್ನುವ ವೈರಸ್ ಯಾವುದು?

ಅವಳಿಗೆ ಹೊಳೆಯಿತು. ತುಟಿಯ ಅಂಚಿನಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ಇದೆಯಲ್ಲ, ಅದು. ಎಷ್ಟೋ ಜನರಿಗೆ ಬಂದು ಹೋಗುತ್ತದೆ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಎಲ್ಲೋ ಅಪರೂಪಕ್ಕೆ ಯಕೃತ್ತಿಗೆ ಇಳಿಯುತ್ತದೆ. ಇಳಿದರೆ ಮಾತ್ರ ದೇವರೇ ಗತಿ. ಹಾಗೆ ಇಳಿಯುವುದು ಹೆಚ್ಚಾಗಿ ಬಸುರಿಯರಿಗೆ, ಇಲ್ಲವೇ ಮೈಯಲ್ಲಿ ರೋಗ ತಡೆಯುವ ಶಕ್ತಿ ಕುಂದಿದವರಿಗೆ. ಕಲ್ಲು ಗುಂಡಿನಂಥ ಪೈಲ್ವಾನನಿಗೆ ಬಂದೀತೆಂದು ಯಾರು ಎಣಿಸುತ್ತಾರೆ? ಅದರ ಪರೀಕ್ಷೆಯನ್ನು ಯಾರೂ ಬರೆದೇ ಇರಲಿಲ್ಲ.

ಆದರೆ ಒಂದು ತೊಡಕಿತ್ತು. ಬಂದ ದಿನವೇ ಅವಳು ಮೈಮೇಲೆ ಎಲ್ಲಾದರೂ ಹುಣ್ಣು, ಗುಳ್ಳೆ ಇದೆಯೇ ಎಂದು ಕೇಳಿದ್ದಳು. ಹೆಂಡತಿ ಇಲ್ಲ ಅಂದಿದ್ದಳು. ಉಸ್ತಾದರೂ ಇಲ್ಲ ಅಂದಿದ್ದರು.

ಅವಳು ಮತ್ತೆ ಹಾಸಿಗೆಯ ಬಳಿಗೆ ಹೋದಳು. ಈ ಸಲ ಯಾರನ್ನೂ ಕೇಳಲಿಲ್ಲ. ಬೆಳಕು ಹತ್ತಿರ ತರಿಸಿ ನೆತ್ತಿಯಿಂದ ಹುಡುಕುತ್ತಾ ಬಂದಳು. ಬಲಗಿವಿಯ ಹಿಂದೆ ಅಂಗೈಯಗಲ ಕೆಂಪು ಮಣ್ಣು ಒಣಗಿ ಅಂಟಿಕೊಂಡಿತ್ತು. ಅದನ್ನು ಅವಳು ಮೊದಲೇ ಕಂಡಿದ್ದಳು. ಮೈ ಒರೆಸುವಾಗ ನರ್ಸಮ್ಮ ತೆಗೆಯಲು ಹೋದದ್ದಕ್ಕೆ ಪುಟ್ಟಲಕ್ಷ್ಮಿ ಕೈ ಹಿಡಿದು, ಗರಡಿ ಮಣ್ಣು, ಹನುಮಪ್ಪನ ಪ್ರಸಾದ, ದಯವಿಟ್ಟು ಒರೆಸಬೇಡಿ ಎಂದು ಅಂಗಲಾಚಿದ್ದಳು. ಇರಲಿ ಬಿಡಿ ಎಂದು ವೈದ್ಯೆಯೇ ಅಂದಿದ್ದಳು. ಹಣೆಯ ವಿಭೂತಿಯನ್ನು ಯಾರು ಒರೆಸುತ್ತಾರೆ, ಹೇಳು.

ಉಸ್ತಾದರನ್ನು ಒಳಗೆ ಕರೆದಳು.

"ಈ ಮಣ್ಣು ಯಾತಕ್ಕೆ ಹಚ್ಚಿದ್ದು?"

"ಕಣದಲ್ಲಿ ತಲೆಗೆ ತಲೆ ಕೊಟ್ಟು ಉಜ್ಜಾಡುವಾಗ ಚರ್ಮ ಕಿತ್ತೋಗ್ತದೆ, ಬೊಕ್ಕೆ ಏಳ್ತವೆ. ಅದಕ್ಕೆ ಅದೇ ಕಣದ ಮಣ್ಣು ಮೆತ್ತೋದು. ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಮಣ್ಣು ತಾಯಿ."

ವೈದ್ಯೆ ಬೆಳಕನ್ನು ಇನ್ನೂ ಹತ್ತಿರ ಎಳೆದಳು. "ಗುಳ್ಳೆ ಇದೆಯಾ ಅಂತ ಕೇಳಿದಾಗ ಇಲ್ಲ ಅಂದಿರಲ್ಲ?"

"ನೀವು ಕೇಳಿದ್ದು ಕಾಯಿಲೆ ಗುಳ್ಳೆ. ಇದು ಗರಡೀಲಿ ಆದದ್ದು. ಕಣದಲ್ಲಿ ಮೈಗೆ ಏನಾದರೂ ಅದನ್ನ ಹುಣ್ಣು ಅಂತ ಬಾಯಲ್ಲಿ ಅನ್ನಬಾರದು. ಅಂದರೆ ಮಣ್ಣಿಗೆ ಬೈದ ಹಾಗೆ. ನನ್ನ ಗುರುಗಳು ನನಗೆ ಹೇಳಿದ್ದು, ನಾನು ಇವರಿಗೆ ಹೇಳಿದ್ದು." ಇಷ್ಟು ಹೇಳುವಷ್ಟರಲ್ಲಿ ಮುದುಕನಿಗೂ ಏನೋ ಹೊಳೆದಿರಬೇಕು, ದನಿ ಇಳಿಯಿತು.

"ಆ ಮಣ್ಣಿನ ಕೆಳಗೆ ನೋಡಬೇಕು. ನಿಮ್ಮ ಅಪ್ಪಣೆ ಬೇಕು" ಎಂದಳು ವೈದ್ಯೆ.

ಉಸ್ತಾದ ಶಿಷ್ಯನ ಮುಖ ನೋಡಿದ. ಆಮೇಲೆ ಮಣ್ಣಿಗೆ ಕೈಮುಗಿದು, ಟವೆಲಿನ ಚುಂಗು ಒದ್ದೆ ಮಾಡಿಕೊಂಡು, ತಾನೇ ಮೆಲ್ಲಗೆ ಒರೆಸಿದ. ಕೆಳಗೆ ಸಾಸಿವೆಕಾಳಿನಂಥ ಗುಳ್ಳೆಗಳು ಗುಂಪಾಗಿ ಎದ್ದಿದ್ದವು. ಕೆಲವು ಒಣಗಿದ್ದವು, ಕೆಲವುಗಳಲ್ಲಿ ಇನ್ನೂ ನೀರಿತ್ತು. ಇವನ ಜೊತೆ ಕುಸ್ತಿಯ ಅಭ್ಯಾಸ ಮಾಡಿದ ಪೈಲ್ವಾನನ ತುಟಿಯ ಮೇಲೂ ಇಂಥದೇ ಇತ್ತು ಎಂದು ಮುದುಕ ಕೇಳದೆಯೇ ಹೇಳಿದ.

ಗುಳ್ಳೆಯ ನೀರನ್ನೂ ರಕ್ತವನ್ನೂ ವೈದ್ಯೆ ದೂರದ ಪ್ರಯೋಗಾಲಯಕ್ಕೆ ಕಳಿಸಿದಳು. ಉತ್ತರ ಬರಲು ದಿನಗಳು ಹಿಡಿಯುತ್ತವೆ ಎಂದರು ಅಲ್ಲಿಯವರು.

ಈಗ ನಿನ್ನ ಪ್ರಶ್ನೆಗೆ ಬಂದೆವು ನೋಡು. ಆ ಗುಳ್ಳೆ ಬರೀ ಗುಳ್ಳೆಯೇ ಇರಬಹುದಿತ್ತು. ಯಕೃತ್ತನ್ನು ತಿನ್ನುತ್ತಿದ್ದದ್ದು ಬೇರೆಯೇ ಇರಬಹುದಿತ್ತು. ವರದಿ ಬರಲಿ, ಆಮೇಲೆ ನೋಡೋಣ ಎಂದು ಅವಳು ಬರೆದಿಟ್ಟಿದ್ದರೆ ಜಗತ್ತಿನಲ್ಲಿ ಯಾರೂ ಅವಳನ್ನು ತಪ್ಪು ಅನ್ನುತ್ತಿರಲಿಲ್ಲ. ಆ ವೈರಸ್ಸಿಗೆ ಔಷಧಿ ಇತ್ತು, ಆಸ್ಪತ್ರೆಯಲ್ಲೇ ಇತ್ತು, ಹೊಸದೂ ಅಲ್ಲ ದುಬಾರಿಯೂ ಅಲ್ಲ. ಮೂತ್ರಪಿಂಡಕ್ಕೆ ಪೆಟ್ಟಾಗದಂತೆ ಒಂದು ಕಣ್ಣಿಟ್ಟು, ಮೈಯಲ್ಲಿ ನೀರು ಕಡಿಮೆಯಾಗದಂತೆ ನೋಡಿಕೊಂಡರೆ ಆಯಿತು. ಆದರೂ ಹೆಸರಿಲ್ಲದ ರೋಗಕ್ಕೆ ಹೆಸರಿರುವ ಔಷಧಿ ಬರೆಯುವಾಗ ಕೈ ಹಿಂದೆಮುಂದೆ ನೋಡುತ್ತದೆ. ಅವಳ ಕೈಯೂ ನೋಡಿತು.

ಹಾಸಿಗೆಯಲ್ಲಿ ಕೆಂಪರಾಜ ನರಳಿದ. ಪುಟ್ಟಲಕ್ಷ್ಮಿ ಅವನ ಹೆಸರು ಹಿಡಿದು ಕೂಗಿದಳು. ಅವನು ಕಣ್ಣು ತೆರೆಯಲಿಲ್ಲ. ವೈದ್ಯೆ ಔಷಧಿ ಬರೆದಳು.

"ಇದೇ ಕಾಯಿಲೆ ಅಂತ ಖಾತ್ರಿನಾ ತಾಯಿ?" ಎಂದ ಉಸ್ತಾದ.

"ಖಾತ್ರಿ ಇಲ್ಲ."

ಮುದುಕ ಅವಳನ್ನೇ ದಿಟ್ಟಿಸಿದ. ಸುಳ್ಳು ಹೇಳಲಿಲ್ಲವಲ್ಲ ಎಂದು ಅವನಿಗೆ ಸಮಾಧಾನವಾದಂತೆ ಕಂಡಿತು. "ಕೊಡಿ. ಎದುರಾಳಿ ಮೈಮೇಲೆ ಬಿದ್ದಾಗ ನಿನ್ನ ಊರು ಯಾವುದಪ್ಪಾ ಅಂತ ಕೇಳ್ಕೊಂಡು ಕೂರಾಕಾಗಲ್ಲ" ಎಂದ.

ಔಷಧಿ ನರಕ್ಕೆ ಹನಿಯತೊಡಗಿತು. ಮೊದಲ ದಿನ ಏನೂ ಆಗಲಿಲ್ಲ. ಆಂಬುಲೆನ್ಸ್ ಬಾಗಿಲಲ್ಲೇ ನಿಂತಿತ್ತು. ಪುಟ್ಟಲಕ್ಷ್ಮಿಯ ರಕ್ತದ ಗುಂಪನ್ನೂ ನೋಡಿಸಿದ್ದಾಯಿತು. ವೈದ್ಯೆ ಬಾರಿಬಾರಿಗೂ ಬಂದು ಅವನ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಿದ್ದಳು. ಮಂಕು ಇಳಿಯಲಿಲ್ಲ, ಆದರೆ ಏರಲೂ ಇಲ್ಲ. ಅದಾದ ಮೇಲೆ ಜ್ವರ ಇಳಿಯಿತು. ಸೂಜಿ ಚುಚ್ಚಿದಲ್ಲಿ ರಕ್ತ ತಾನಾಗಿ ನಿಂತಿತು. ಯಕೃತ್ತಿನಿಂದ ರಕ್ತಕ್ಕೆ ಸೋರುತ್ತಿದ್ದ ವಸ್ತುವಿನ ಲೆಕ್ಕ ಅರ್ಧಕ್ಕೆ ಇಳಿಯಿತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲಿ ತಿರುಗಿಬಿಡುತ್ತದೋ ಎಂಬ ಹೆದರಿಕೆ. ನಮಗೆಲ್ಲ ಇದ್ದದ್ದೇ ಅದು.

ಒಂದು ಬೆಳಿಗ್ಗೆ ಕೆಂಪರಾಜ ಕಣ್ಣು ಬಿಟ್ಟ. ಚಾವಣಿ ನೋಡಿದ, ಫ್ಯಾನು ನೋಡಿದ, ಹೆಂಡತಿಯನ್ನು ನೋಡಿದ.

"ಪುಟ್ಟಿ, ಹೊಟ್ಟೆ ಹಸೀತೈತೆ. ಮುದ್ದೆ ಮಾಡಿಲ್ವಾ?" ಎಂದ.

ಪುಟ್ಟಲಕ್ಷ್ಮಿ ಅಷ್ಟು ದಿನ ಅತ್ತಿರಲಿಲ್ಲ. ಈಗ ಬಿಕ್ಕಿಬಿಕ್ಕಿ ಅತ್ತಳು, ನಡುನಡುವೆ ನಕ್ಕಳು, ಮುದ್ದೆಯಂತೆ ಮುದ್ದೆ ಎಂದು ಅವನ ತೋಳಿಗೊಂದು ಕೊಟ್ಟಳು. ನರ್ಸಮ್ಮ ಓಡಿಬಂದು, ಅಯ್ಯೋ ಹೊಡೀಬೇಡಿ, ಸೂಜಿ ಇದೆ ಎಂದು ಗದರಿದಳು. ವೈದ್ಯೆ ಕೈ ತೊಳೆಯುವ ಮೂಲೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಹೋದ ಜೀವ ಬಂದಂತಾಗಿತ್ತು ಅವಳಿಗೆ. ಎಷ್ಟೋ ದಿನದಿಂದ ಬಿಗಿದಿದ್ದ ಭುಜ ಸಡಿಲವಾಯಿತು, ಕಣ್ಣಿಂದ ನೀರು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಹೊರಗೆ ಹೋಗಿ ಆಂಬುಲೆನ್ಸಿನವನಿಗೆ, ನೀನು ಹೋಗಪ್ಪ, ಇಲ್ಲಿ ನಿನಗೆ ಕೆಲಸವಿಲ್ಲ ಎಂದಳು. ಆ ಮಾತು ಹೇಳುವುದು ಅವಳಿಗೆ ಎಷ್ಟು ಹಿತವಾಯಿತೆಂದರೆ ಇನ್ನೊಂದು ಸಲ ಹೇಳಿದಳು.

ಬೆಂಚಿನ ಮೇಲಿದ್ದ ಉಸ್ತಾದರ ಪಕ್ಕದಲ್ಲಿ ಕೂತು, "ಪುಡಿ ಕೊಟ್ಟಿರಾ ಅಂದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದಳು.

"ಮಗ ಎದ್ದು ಕೂತವ್ನೆ, ಇನ್ಯಾವ ಮಾತು ನೆನಪಿರ್ತದೆ ತಾಯಿ?" ಎಂದ ಮುದುಕ. ಅವನು ಆವತ್ತೇ ಗರಡಿಗೆ ಹೋದ. ಪೈಲ್ವಾನರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕಿವಿ, ಕುತ್ತಿಗೆ, ತುಟಿ ನೋಡಿದ. ಗುಳ್ಳೆ ಇದ್ದವರನ್ನು ವೈದ್ಯೆಯ ಬಳಿಗೆ ಅಟ್ಟಿದ. ಗುಳ್ಳೆ ಎದ್ದವನು ಬಾಯಿಬಿಟ್ಟು ಹೇಳಬೇಕು, ಮಾಯುವವರೆಗೆ ಕಣಕ್ಕೆ ಇಳಿಯಬಾರದು ಎಂದು ಹೊಸ ಕಟ್ಟಳೆ ಮಾಡಿದ. ಅದನ್ನು ಹೇಳುವ ಮೊದಲು ಮಣ್ಣಿಗೆ ಅಡ್ಡಬಿದ್ದನಂತೆ.

ವರದಿ ಬಂದಾಗ ಕೆಂಪರಾಜ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತು ಗಂಜಿಗೆ ಉಪ್ಪು ಸಾಲದೆಂದು ತಕರಾರು ತೆಗೆಯುತ್ತಿದ್ದ. ವೈದ್ಯೆ ಲಕೋಟೆ ಒಡೆದು ಓದಿದಳು. ಗುಳ್ಳೆಯಲ್ಲಿಯೂ ಅದೇ, ರಕ್ತದಲ್ಲಿಯೂ ಅದೇ. ನಿಮ್ಮನ್ನು ಕೆಡವಿದ್ದು ಹರ್ಪಿಸ್ ಎಂಬ ವೈರಸ್ ಎಂದು ಅವನಿಗೆ ಹೇಳಿದಳು.

"ಹರ್ಪಿಸ್ಸಾ? ಹೆಸರೇ ಕೇಳಿಲ್ಲ. ಯಾವೂರ ಪೈಲ್ವಾನ್ ಅಕ್ಕ ಅವನು?" ಎಂದ ಕೆಂಪರಾಜ.

ವಾರ್ಡಿಗೆ ವಾರ್ಡೇ ನಕ್ಕಿತು. ಪಕ್ಕದ ಹಾಸಿಗೆಯ ಮುದುಕಿ ಏನೆಂದು ತಿಳಿಯದೆಯೇ ನಕ್ಕಳು.

ಹಾಲಪ್ಪನವರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಸುಧನ್ವನ ಮುಖವೂ ಅರಳಿತ್ತು. ಆದರೆ ಅವನು ಸುಲಭಕ್ಕೆ ಬಿಡುವವನಲ್ಲ.

"ಗುರುಗಳೇ, ವರದಿ ಅವಳು ಎಣಿಸಿದಂತೆಯೇ ಬಂತು, ಸರಿ. ಬೇರೆ ಏನೋ ಬಂದಿದ್ದರೆ?" ಎಂದ.

"ಆಗ ಔಷಧಿ ದಂಡವಾಗುತ್ತಿತ್ತು, ಕಾದು ಕೂತಿದ್ದರೆ ವರದಿ ದಂಡವಾಗುತ್ತಿತ್ತು" ಎಂದರು ಹಾಲಪ್ಪನವರು.